ಬಿರಿದ ಗೊರಸಿಗೊಂದು ಲಾಳ

ಮೈಸೂರಿನ ಒಂದು ಟಾಂಗಾ ಕುದುರೆ ಎಡ ಮುಂಗಾಲು ಊರಿದಾಗಲೆಲ್ಲ ತಲೆಯನ್ನು ಮೇಲಕ್ಕೆತ್ತುತ್ತಿತ್ತು. ನೋಯುವ ಕಾಲಿನ ಮೇಲೆ ಭಾರ ಬೀಳದಿರಲೆಂದು ಕುದುರೆ ಹಾಗೆ ಮಾಡುತ್ತದೆ. ನಿಂತ ಕುದುರೆಯ ಮೈತೂಕದಲ್ಲಿ ಶೇ. 60ರಷ್ಟನ್ನು ಹೊರುವುದು ಮುಂಗಾಲುಗಳೇ. ಓಟದಲ್ಲಿ ಟಾರು ರಸ್ತೆಯ ಪೆಟ್ಟು ಬೇರೆ.

ಲಾಳ ಕಟ್ಟುವ ಹಿರಿಯರು ಕಾಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಳೆಯ ಲಾಳ ಕಿತ್ತರು. ಗೊರಸಿನ ಪಕ್ಕದಲ್ಲಿ, ಹಿಮ್ಮಡಿಗೆ ಹತ್ತಿರ, ಕೂದಲಂಚಿನಿಂದ ಕೆಳತುದಿಯವರೆಗೆ ಒಂದು ಸೀಳು. ಹೆಬ್ಬೆರಳಿಂದ ಒತ್ತಿದರೆ ಅದರ ಎರಡು ಅಂಚುಗಳೂ ಮಿಸುಕುತ್ತಿದ್ದವು.

“ಇದು ಕೂಡ್ಕೊಳಲ್ಲ ಸಾರ್, ಬೆಳ್ದು ಕೆಳಗಿಳ್ದು ಹೋಗ್ಬೇಕು” ಅಂದರು.

ಮಾತು ನಿಜ. ನಮ್ಮ ಉಗುರಿನಂತೆ ಗೊರಸಿನ ಗೋಡೆಗೂ ಜೀವವಿಲ್ಲ, ಬಿರಿದದ್ದು ಬೆಸೆಯುವುದಿಲ್ಲ. ಹೊಸ ಗೊರಸು ಕೂದಲಂಚಿನಲ್ಲಿ ಹುಟ್ಟಿ ತಿಂಗಳಿಗೆ 6ರಿಂದ 10 ಮಿಲಿಮೀಟರ್ ಕೆಳಗಿಳಿಯುತ್ತದೆ. ಮುಂತುದಿ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಹಿಮ್ಮಡಿಯ ಗೋಡೆ ಗಿಡ್ಡ, ಅಲ್ಲಿ ಸ್ವಲ್ಪ ಬೇಗ. ಅಲ್ಲಿಯವರೆಗೆ ಸೀಳು ಜಗ್ಗದಂತೆ ಹಿಡಿದಿಡುವುದಷ್ಟೇ ಲಾಳದ ಕೆಲಸ.

ಆ ಕೆಲಸಕ್ಕೆ ಸಿದ್ಧ ಲಾಳ ಒದಗದು. ಕುಲುಮೆಯಲ್ಲಿ ಕೆಂಪಗೆ ಕಾದ ಪಟ್ಟಿಯನ್ನು ಅಡಿಗಲ್ಲಿನ ಮೇಲೆ ಬಾಗಿಸಿ, ಹಿಂದೆ ತೆರೆದಿರಬೇಕಾದ ಎರಡು ತುದಿಗಳನ್ನೂ ಅಡ್ಡಪಟ್ಟಿಯಿಂದ ಕೂಡಿಸಿದರು. ಹೀಗೆ ಮುಚ್ಚಿದ ಲಾಳದಲ್ಲಿ ಭಾರ ಗೋಡೆಯೊಂದರ ಮೇಲೇ ಬೀಳದೆ ಅಂಗಾಲಿನ ಮೆತ್ತನೆಯ ತ್ರಿಕೋನಕ್ಕೂ ಹಂಚಿಹೋಗುತ್ತದೆ. ಬಿಸಿ ಲಾಳವನ್ನು ಒಂದು ಕ್ಷಣ ಗೊರಸಿಗೆ ತಾಗಿಸಿದರು. ಸುಟ್ಟ ಕೂದಲಿನ ವಾಸನೆಯ ಹೊಗೆ ಎದ್ದಿತು. ಕಪ್ಪಾದ ಕಡೆ ಉಬ್ಬಿದೆ ಎಂದು ಅರದಿಂದ ಉಜ್ಜಿದರು. ಸೀಳಿನ ಕೆಳಗಂತೂ ಗೋಡೆ ಲಾಳಕ್ಕೆ ತಾಗದಷ್ಟು ಸವೆಸಿದರು.

ಮೊಳೆ ಹೊಡೆಯುವುದೇ ನಾಜೂಕಿನ ಕೆಲಸ. ಅಂಗಾಲಿನ ಅಂಚಿನಲ್ಲಿ ತೆಳುವಾದ ಬಿಳಿ ಗೆರೆಯೊಂದಿದೆ. ಮೊಳೆ ಅದರ ಹೊರಗೇ ಹೊಕ್ಕು ಗೋಡೆಯಿಂದ ಹೊರಬರಬೇಕು. ಒಳಗಿರುವುದು ರಕ್ತ, ನರ. ಗಟ್ಟಿ ಗೊರಸಿಗೆ ಹೊಕ್ಕಾಗ ಸುತ್ತಿಗೆ ಠಣ್ಣೆನ್ನುತ್ತದೆ. ಸದ್ದು ಮಂಕಾದರೆ ಅವರ ಕೈ ಅಲ್ಲೇ ನಿಲ್ಲುತ್ತಿತ್ತು. ಮೊಳೆಗಳೆಲ್ಲ ಮುಂದಿನ ಅರ್ಧಕ್ಕೇ, ಏಕೆಂದರೆ ಪ್ರತಿ ಹೆಜ್ಜೆಗೂ ಹಿಮ್ಮಡಿ ತುಸು ಅಗಲವಾಗಬೇಕು.

ಇಂಥ ಕೈಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಲಾಳ ಹಾಕಿಸಿದ ಮಾತ್ರಕ್ಕೆ ಮರುದಿನವೇ ಗಾಡಿಗೆ ಹೂಡಬಾರದು. 6ರಿಂದ 8 ವಾರಕ್ಕೊಮ್ಮೆ ಬಿಚ್ಚಿ, ಗೊರಸು ಹೆರೆದು, ಮತ್ತೆ ಕಟ್ಟಬೇಕು. ಆ ಬಿಡುವಿನ ದಿನಗಳ ಹುಲ್ಲು, ಹುರುಳಿಯ ಖರ್ಚು ಪೂರ್ತಿ ಮಾಲೀಕನ ತಲೆಗೆ. ಟಾಂಗಾ ಸವಾರಿ ಬಯಸುವ ನಾವು ಬಾಡಿಗೆಯಲ್ಲಿ ಚೌಕಾಸಿ ಮಾಡುವುದನ್ನಾದರೂ ಬಿಡೋಣ.