ಮರಿ ತರುವ ಮುನ್ನ ತಾಯಿಯನ್ನು ನೋಡಿ

ವಿಜಯಪುರ ಜಿಲ್ಲೆಯಲ್ಲಿ, ಅಮೋಘಸಿದ್ಧನ ಗುಡಿಯಿಂದ ಹೆಸರಾದ ಅರಕೇರಿಯಲ್ಲಾಗಲಿ, ತಿಕೋಟಾ, ಬಬಲೇಶ್ವರದ ಕಡೆಯ ತೋಟದ ಮನೆಗಳಲ್ಲಾಗಲಿ ನಾಯಿಮರಿಯನ್ನು ಅಂಗಡಿಯಿಂದ ತರುವುದು ಹಳೆಯ ರೂಢಿಯಲ್ಲ. ಪರಿಚಯದವರ ಮನೆಯ ನಾಯಿ ಮರಿ ಹಾಕಿದರೆ ‘ನಮಗೊಂದು ಇರಲಿ’ ಎಂದು ಹೇಳಿಟ್ಟು, ಹಾಲು ಬಿಟ್ಟ ಮೇಲೆ ತರುವುದು ಹಳ್ಳಿಯ ಪದ್ಧತಿ. ತಾಯಿ ಎಂಥದ್ದು, ಕುರಿ ಕಾಯುತ್ತದೆಯೇ, ಮಕ್ಕಳೊಂದಿಗೆ ಹೇಗಿರುತ್ತದೆ ಎಂಬುದೆಲ್ಲ ಓಣಿಗೇ ಗೊತ್ತಿರುತ್ತದೆ.

ಪೇಟೆಯಲ್ಲಿ ಈ ಪರಿಚಯ ತಪ್ಪಿಹೋಗಿದೆ. ಮೊಬೈಲಿಗೆ ಮರಿಯ ಫೋಟೊ ಬರುತ್ತದೆ, ದರ ಕುದುರುತ್ತದೆ, ರಟ್ಟಿನ ಪೆಟ್ಟಿಗೆಯಲ್ಲಿ ಮರಿ ಮನೆ ಸೇರುತ್ತದೆ. ಅದರ ತಾಯಿ ಎಲ್ಲಿದೆ, ಹೇಗಿದೆ ಎಂದು ಕೇಳುವವರು ಕಡಿಮೆ. ಮರಿಯನ್ನು ಕೊಳ್ಳಬೇಕೋ, ದತ್ತು ಪಡೆಯಬೇಕೋ ಎಂಬ ಚರ್ಚೆ ಶುರುವಾಗುವುದೇ ಇಲ್ಲಿ.

ಕನ್ನಡಿಗರ ಮನೆಮನೆಗೆ ಈ ಸಂಗತಿಯನ್ನು ಮುಟ್ಟಿಸಿದ್ದು 2022ರಲ್ಲಿ ತೆರೆಕಂಡ ‘777 ಚಾರ್ಲಿ’. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ, ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರದ ಲ್ಯಾಬ್ರಡಾರ್, ಮರಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡು ಬಂದದ್ದು. ಹತ್ತಿರದ ರಕ್ತಸಂಬಂಧದ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸಿ ಮರಿ ಪಡೆಯುವ ದಂಧೆ ಎಂಥ ರೋಗ ತರುತ್ತದೆ ಎಂಬುದನ್ನು ಚಿತ್ರ ಮುಚ್ಚುಮರೆಯಿಲ್ಲದೆ ತೋರಿಸಿತು.

ಜಾಹೀರಾತು ನೋಡಿ ತಳಿ ಆರಿಸುವುದು ಇನ್ನೊಂದು ಪಿಡುಗು. 2003ರ ಹೊತ್ತಿಗೆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಾಡಿದ ಪಗ್ ದೇಶದ ತುಂಬ ಬೇಡಿಕೆ ಗಳಿಸಿತು. ನಾಯಿಗಳು ಮೈಯ ಕಾವನ್ನು ಇಳಿಸಿಕೊಳ್ಳುವುದು ಮುಖ್ಯವಾಗಿ ತೇಕುತ್ತ, ಬಾಯಿಯಿಂದ ಉಸಿರಾಡುತ್ತ. ಪಗ್‌ನ ಮೂತಿ ಚಪ್ಪಟೆ, ಉಸಿರಿನ ದಾರಿ ಇಕ್ಕಟ್ಟು. 40 ಡಿಗ್ರಿ ದಾಟುವ ವಿಜಯಪುರದ ಬೇಸಿಗೆಯಲ್ಲಿ ಅದಕ್ಕೆ ಪ್ರತಿ ಮಧ್ಯಾಹ್ನವೂ ಸಂಕಟ. ಹಿಮದ ನಾಡಿಗಾಗಿ ದಟ್ಟ ತುಪ್ಪಳ ಬೆಳೆಸಿಕೊಂಡ ಹಸ್ಕಿಯ ಪಾಡೂ ಬೇರೆಯಲ್ಲ.

ಮರಿ ಮಾರಾಟಕ್ಕೆ ಕಾನೂನು ಇಲ್ಲವೆಂದಲ್ಲ. ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಸಾಕಣೆಗೆ, 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೆ ನಿಯಮ ರೂಪಿಸಿತು. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು.

ಎಂಟು ವಾರದ ಲೆಕ್ಕಕ್ಕೆ ಕಾರಣವಿದೆ. ಮೂರನೇ ವಾರದಿಂದ ಮರಿಗೆ ಸೂಜಿಯಂಥ ಹಾಲುಹಲ್ಲು ಮೂಡುತ್ತವೆ. ಒಡಹುಟ್ಟಿದ ಮರಿಯನ್ನು ಜೋರಾಗಿ ಕಚ್ಚಿದರೆ ಅದು ಕಿರುಚಿ ಆಟ ನಿಲ್ಲಿಸುತ್ತದೆ, ತಾಯಿ ಗದರುತ್ತದೆ. ಎಷ್ಟು ಕಚ್ಚಬಹುದು ಎಂಬ ಹದವನ್ನು ಮರಿ ಕಲಿಯುವುದು ಹೀಗೆ. ತಿಂಗಳೊಳಗೇ ತಾಯಿಯಿಂದ ಅಗಲಿಸಿದರೆ ಈ ಪಾಠ ತಪ್ಪುತ್ತದೆ. ಲಸಿಕೆಯ ರಕ್ಷಣೆ ಸಿಗುವ ಮೊದಲೇ ಊರೂರು ಸುತ್ತಿದ ಮರಿಗೆ ಪಾರ್ವೊದಂಥ ಸೋಂಕು ತಗಲಿದರೆ ರಕ್ತಭೇದಿಯಾಗಿ ಕೆಲವೇ ದಿನಗಳಲ್ಲಿ ಸಾಯುವುದುಂಟು.

ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಕಟ್ಟಿದ ಕ್ಯುಪಾದಂಥ ಪ್ರಾಣಿದಯಾ ಸಂಸ್ಥೆಗಳು ಮರಿ ಕೊಳ್ಳುವುದಕ್ಕೆ ಬದಲಾಗಿ ದತ್ತಿನ ದಾರಿ ತೆರೆದಿವೆ. ಇಂಥ ಆಶ್ರಯತಾಣಗಳಲ್ಲಿ ಬೀದಿಯಲ್ಲಿ ಸಿಕ್ಕ ಮರಿಗಳಷ್ಟೇ ಅಲ್ಲ, ಹಣ ಕೊಟ್ಟು ತಂದು ಸಾಕಲಾಗದೆ ಬಿಟ್ಟುಹೋದ ಜಾತಿ ನಾಯಿಗಳೂ ಇರುತ್ತವೆ. ದೊಡ್ಡ ನಾಯಿ ಹೊಸಬರಿಗೆ ಹೊಂದಿಕೊಂಡೀತೇ ಎಂಬ ಅಳುಕು ಸಹಜ. ಏಟು ತಿಂದ ನಾಯಿಗೆ ನಂಬಿಕೆ ಬರಲು ತಿಂಗಳುಗಳೇ ಬೇಕಾಗಬಹುದು. ಆದರೆ ಬೆಳೆದ ನಾಯಿಯ ಗಾತ್ರ, ಗುಣ ಕಣ್ಣೆದುರಿಗೇ ಇರುತ್ತವೆ, ದಿನವೂ ಅದನ್ನು ನೋಡಿಕೊಂಡವರನ್ನು ಕೇಳಿ ತಿಳಿಯಬಹುದು. ಬೀದಿನಾಯಿಯನ್ನು ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಆದರೆ ಅದನ್ನು ಮತ್ತೆ ಬೀದಿಗೆ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದೆ.

ಹಾಗೆಂದು ಕೊಳ್ಳುವುದೆಲ್ಲ ತಪ್ಪಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಈ ಬಿಸಿಲಿಗೇ ಹುಟ್ಟಿದ ತಳಿ. 2005ರಲ್ಲಿ ಅದರ ಅಂಚೆಚೀಟಿ ಬಂತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಸಾಕುವವರು ಇಲ್ಲದಿದ್ದರೆ ಇಂಥ ತಳಿ ಉಳಿಯುವುದೂ ಇಲ್ಲ.

ಮರಿ ಮಾರಾಟವನ್ನೇ ಬಿಗಿ ಮಾಡಿದ ದೇಶಗಳೂ ಇವೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಆರು ತಿಂಗಳೊಳಗಿನ ಮರಿಯನ್ನು ಮಧ್ಯವರ್ತಿಗಳು ಮಾರುವಂತಿಲ್ಲ. ಸಾಕಿದವರಿಂದ ನೇರವಾಗಿ ತರಬೇಕು, ಇಲ್ಲವೇ ಆಶ್ರಯತಾಣಕ್ಕೆ ಹೋಗಬೇಕು. ಫ್ರಾನ್ಸ್ 2024ರಿಂದ ಅಂಗಡಿಗಳಲ್ಲಿ ನಾಯಿ, ಬೆಕ್ಕುಗಳ ಮಾರಾಟವನ್ನೇ ನಿಲ್ಲಿಸಿದೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಮೊದಲ ಸಲ ಹಿಂಸೆ ಎಸಗಿದವರಿಗೆ ದಂಡ ಹೆಚ್ಚೆಂದರೆ 50 ರೂಪಾಯಿ. ಇಷ್ಟು ದಂಡಕ್ಕೆ ಯಾವ ದಂಧೆಯೂ ಅಂಜುವುದಿಲ್ಲ, ಅದು ಅಂಜುವುದು ಗಿರಾಕಿ ಕೈಬಿಟ್ಟಾಗ.

ಆದ್ದರಿಂದ ನಾಯಿ ಸಾಕುವ ಮನಸ್ಸಿದ್ದವರು ಮೊದಲು ಓಣಿಯಲ್ಲಿ, ಪಶು ಆಸ್ಪತ್ರೆಯಲ್ಲಿ, ಆಶ್ರಯತಾಣದಲ್ಲಿ ವಿಚಾರಿಸಿ. ತಳಿಯ ನಾಯಿಯೇ ಬೇಕಿದ್ದರೆ ನೋಂದಣಿ ಪತ್ರ, ಲಸಿಕೆ ಚೀಟಿ ಕೇಳಿ, ಮರಿ ಹುಟ್ಟಿದ ಜಾಗಕ್ಕೆ ಹೋಗಿ ತಾಯಿಯನ್ನು ನೋಡಿ. ತಾಯಿಯನ್ನು ತೋರಿಸಲು ಒಪ್ಪದವರಿಂದ ಮರಿ ತರಬೇಡಿ.