ತೊಟ್ಟಿಲ ಮಗುವಿಗೆ ಯಾವ ದೇಶ?

ಉದ್ಯೋಗ, ಶಿಕ್ಷಣಗಳ ನಿಮಿತ್ತ ಹೊರದೇಶಗಳಲ್ಲಿ ನೆಲೆಸಿದವರು ಕೊಡಗಿನಲ್ಲಿ ಕಡಿಮೆಯೇನಿಲ್ಲ. ಇತ್ತ ಕುಶಾಲನಗರದಲ್ಲಿ ಕಾವೇರಿ ದಾಟಿದರೆ, 1961ರಿಂದ ಟಿಬೆಟನ್ ನಿರಾಶ್ರಿತರು ನೆಲೆಸಿರುವ ಮೈಸೂರು ಜಿಲ್ಲೆಯ ಬೈಲಕುಪ್ಪೆ. ಇಂತಹ ಜಿಲ್ಲೆಯಲ್ಲಿ ತಂದೆತಾಯಿಯರ ಪೈಕಿ ಒಬ್ಬರಷ್ಟೇ ಭಾರತೀಯರಾಗಿರುವ ಮಗುವಿನ ಪೌರತ್ವ ಕೇವಲ ಪುಸ್ತಕದ ಪ್ರಶ್ನೆಯಲ್ಲ.

1955ರ ಪೌರತ್ವ ಕಾಯ್ದೆ ಆರಂಭದಲ್ಲಿ ಉದಾರವಾಗಿತ್ತು. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಜನಿಸಿದವರು, ರಾಜತಾಂತ್ರಿಕರ ಮಕ್ಕಳಂತಹ ಅಪವಾದಗಳನ್ನು ಬಿಟ್ಟರೆ, ಭಾರತೀಯರೇ. ಟಿಬೆಟನ್ನರಿಗೂ ಇದು ಅನ್ವಯವೆಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿದವು. 1987ರ ಜುಲೈ 1ರ ನಂತರ ಹುಟ್ಟಿದವರ ಪೋಷಕರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ಅದೂ ಸಾಲದು. ಇನ್ನೊಬ್ಬರು 'ಅಕ್ರಮ ವಲಸಿಗ'ರಾಗಿರಕೂಡದು.

ಇಕ್ಕಟ್ಟು ಇರುವುದು ಇಲ್ಲಿಯೇ. ದಾಖಲೆಯಿಲ್ಲದೆ ಬಂದವರಷ್ಟೇ ಅಲ್ಲ, ಅನುಮತಿಯ ಅವಧಿ ಮೀರಿ ಉಳಿದವರೂ ಈ ವ್ಯಾಖ್ಯೆಗೆ ಒಳಪಡುತ್ತಾರೆ. ತಾಯಿ ಮಡಿಕೇರಿಯವಳೇ ಆಗಿದ್ದರೂ, ಹೆರಿಗೆಯ ದಿನ ವಿದೇಶಿ ತಂದೆಯ ವೀಸಾ ಮುಗಿದಿದ್ದರೆ ಮಗುವಿಗೆ ಜನ್ಮದತ್ತ ಪೌರತ್ವ ಲಭಿಸದು. ತಪ್ಪು ತಂದೆಯದು, ದಂಡ ಶಿಶುವಿಗೆ.

ಹೊರದೇಶದಲ್ಲಿ ಹುಟ್ಟಿದ ಮಗುವಿನ ದಾರಿ ಬೇರೆ. ಭಾರತೀಯ ದೂತಾವಾಸದಲ್ಲಿ ಒಂದು ವರ್ಷದೊಳಗೆ ನೋಂದಾಯಿಸಬೇಕು. ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಪೋಷಕರು ಘೋಷಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಅಗತ್ಯ. ವಿದೇಶಿ ಪಾಸ್‌ಪೋರ್ಟ್ ಪಡೆದವರಿಗೆ ಉಳಿಯುವುದು ಸಾಗರೋತ್ತರ ಭಾರತೀಯ ಕಾರ್ಡ್ ಮಾತ್ರ. ಅದು ಹೆಸರಿಗಷ್ಟೇ ಪೌರತ್ವ, ಮತದಾನದ ಹಕ್ಕಿಲ್ಲ.

ಪೌರತ್ವಕ್ಕೆ ಇಂತಹ ಗೆರೆಗಳು ಇರಲಿ. ಆರೋಗ್ಯಕ್ಕೂ ಅದೇ ಗೆರೆ ಬೇಕೇ? ಸಂವಿಧಾನದ 21ನೇ ವಿಧಿ ಜೀವದ ರಕ್ಷಣೆಯನ್ನು ನೀಡಿರುವುದು 'ವ್ಯಕ್ತಿ'ಗೆ, ಪೌರನಿಗೆ ಮಾತ್ರವಲ್ಲ. 2018ರಲ್ಲಿ ಜಾರಿಗೆ ಬಂದ ಆರೋಗ್ಯ ಕರ್ನಾಟಕ ಯೋಜನೆಯೂ ರಾಜ್ಯದ ನಿವಾಸಿಗಳನ್ನು ಉದ್ದೇಶಿಸಿದ್ದು. ಆದರೆ ಅದರಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ರಕ್ಷಣೆ ನಿಂತಿರುವುದು ಪಡಿತರ ಚೀಟಿಯ ಮೇಲೆ. ಚೀಟಿಯಿಲ್ಲದವರು 'ಸಾಮಾನ್ಯ ರೋಗಿ'ಗಳಾಗಿ, ನಿಗದಿತ ವೆಚ್ಚದ ಶೇ 70ರಷ್ಟನ್ನು ತಾವೇ ಭರಿಸಬೇಕೆಂಬ ನಿಯಮದೊಡನೆ ಅದು ಆರಂಭವಾಯಿತು. ಹೃದಯದ ದೋಷದೊಂದಿಗೆ ಹುಟ್ಟಿದ ಕೂಸಿನ ಬಡ ತಾಯಿಗೆ ಆ ಪಾಲು ಬೆಟ್ಟದಷ್ಟು.

ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಈ ತಾರತಮ್ಯ ಲಾಭದಾಯಕವಲ್ಲ. ಇಂತಹ ಮಕ್ಕಳಿಂದ ಬೊಕ್ಕಸಕ್ಕೆ ಬೀಳುವ ಹೊರೆ ಅತ್ಯಲ್ಪ. ಸಕಾಲದ ಚಿಕಿತ್ಸೆ ತಡವಾದ ಚಿಕಿತ್ಸೆಗಿಂತ ಅಗ್ಗ. ದಡಾರ ಪಾಸ್‌ಪೋರ್ಟ್ ನೋಡಿ ಹರಡುವುದಿಲ್ಲ.

ಆದ್ದರಿಂದ ರಾಜ್ಯ ಸರ್ಕಾರ ಒಂದು ಸರಳ ಆದೇಶ ಹೊರಡಿಸಬೇಕು: ಕರ್ನಾಟಕದಲ್ಲಿ ವಾಸಿಸುವ ಐದು ವರ್ಷದೊಳಗಿನ ಮಗುವಿಗೆ ಜನನ ಪ್ರಮಾಣಪತ್ರ ಹಾಗೂ ತಾಯಿ ಅಥವಾ ತಂದೆಯ ವಾಸದ ಪುರಾವೆಯೇ ಚಿಕಿತ್ಸೆಗೆ ಸಾಕು. ಜನನವನ್ನು 21 ದಿನಗಳೊಳಗೆ ನೋಂದಾಯಿಸುವುದರ ಮಹತ್ವವನ್ನು ಹೆರಿಗೆ ಆಸ್ಪತ್ರೆಗಳೇ ಪೋಷಕರಿಗೆ ತಿಳಿಸಲಿ. ಕೇಂದ್ರವೂ ಪೋಷಕರ ವೀಸಾ ಲೋಪವನ್ನು ಮಗುವಿನ ಪೌರತ್ವದಿಂದ ಬೇರ್ಪಡಿಸುವ ತಿದ್ದುಪಡಿಯನ್ನು ಪರಿಶೀಲಿಸಲಿ. ಯಾವ ದೇಶದವನೆಂಬ ತೀರ್ಮಾನಕ್ಕೆ ವರ್ಷಗಳು ಹಿಡಿಯಬಹುದು. ಜ್ವರ ಅಷ್ಟು ಕಾಲ ಕಾಯುವುದಿಲ್ಲ.