ಐದು ಸಾವಿರ ಡಾಲರ್‌ನ ಪ್ರೇಮಪತ್ರ: ಹಳೇ ಸಿನಿಮಾದ ಬ್ಲ್ಯಾಕ್‌ಮೇಲ್, ನಮ್ಮ ಫೋನಿನ ಬ್ಲ್ಯಾಕ್‌ಮೇಲ್

ಇವತ್ತು ಒಂದು ಕಥೆಯಿಂದ ಶುರು ಮಾಡ್ತೀನಿ.

ಸಮುದ್ರದ ದಂಡೆಯಲ್ಲಿ ಒಂದು ಮನೆ. ಗಂಡ ಕೆಲಸದ ಮೇಲೆ ವಿದೇಶದಲ್ಲಿದ್ದಾನೆ. ಮಕ್ಕಳು, ವಯಸ್ಸಾದ ಮಾವ, ಮನೆ ಖರ್ಚು ಎಲ್ಲ ಹೆಂಡತಿಯ ತಲೆ ಮೇಲೆ. ಒಂದು ದಿನ ಅಪರಿಚಿತನೊಬ್ಬ ಮನೆಗೆ ಬರ್ತಾನೆ. ಮಗಳು ಬರೆದ ಪ್ರೇಮಪತ್ರಗಳು ಅವನ ಕೈಯಲ್ಲಿವೆ. ಆ ಪ್ರೇಮಿ ಈಗ ಬದುಕಿಲ್ಲ. ದುಡ್ಡು ಕೊಡದಿದ್ದರೆ ಪತ್ರಗಳು ಪೊಲೀಸರಿಗೆ ಹೋಗುತ್ತವೆ.

ಗಂಡ ದುಬೈಯಲ್ಲಿ, ಮನೆ ಭಟ್ಕಳದಲ್ಲಿ ಅಂತ ಹೇಳಿದ್ದರೂ ನೀವು ನಂಬ್ತಿದ್ರಿ, ಅಲ್ವಾ? ಆದರೆ ಇದು 1949ರ ಹಾಲಿವುಡ್ ಚಿತ್ರ ‘ದಿ ರೆಕ್‌ಲೆಸ್ ಮೊಮೆಂಟ್’. ನಿರ್ದೇಶಕ ಮ್ಯಾಕ್ಸ್ ಓಫುಲ್ಸ್. ತಾಯಿಯಾಗಿ ಜೋನ್ ಬೆನೆಟ್, ಬ್ಲ್ಯಾಕ್‌ಮೇಲ್ ಮಾಡಲು ಬರುವವನಾಗಿ ಜೇಮ್ಸ್ ಮೇಸನ್. ಪತ್ರಗಳ ಬೆಲೆ 5,000 ಡಾಲರ್.

ಇಂಥ ಚಿತ್ರಗಳಿಗೆ ಫ್ರೆಂಚ್ ವಿಮರ್ಶಕರು 1946ರಲ್ಲಿ ಕೊಟ್ಟ ಹೆಸರು ‘ಫಿಲ್ಮ್ ನುವಾರ್’. ಅಂದ್ರೆ ಕಪ್ಪು ಚಿತ್ರ. ಅರ್ಧ ಬೆಳಕು, ಅರ್ಧ ನೆರಳು, ಮುಚ್ಚಿಟ್ಟ ಒಂದು ಗುಟ್ಟು. 1940ರ ‘ದಿ ಲೆಟರ್’ ಚಿತ್ರದಲ್ಲೂ ಬೆಟ್ಟಿ ಡೇವಿಸ್‌ಳ ಕುತ್ತಿಗೆಗೆ ಬರೋದು ಅವಳೇ ಬರೆದ ಒಂದು ಪತ್ರ.

ಈಗ ಮುಖ್ಯ ವಿಷಯ. ‘ರೆಕ್‌ಲೆಸ್ ಮೊಮೆಂಟ್’ನ ಆ ತಾಯಿ ಸಾಲಕ್ಕೆ ಓಡಾಡ್ತಾಳೆ. ಗಂಡನಿಲ್ಲದೆ ಸಾಲ ಸಿಗಲ್ಲ. ಕೊನೆಗೆ ಒಡವೆ ಅಡವಿಡ್ತಾಳೆ. ಮನೆ ತುಂಬ ಜನ, ಒಬ್ಬರಿಗೂ ಹೇಳಕ್ಕಾಗಲ್ಲ. ಗಮನಿಸಿ, ಬ್ಲ್ಯಾಕ್‌ಮೇಲ್ ಮಾಡುವವನ ಶಕ್ತಿ ಪತ್ರದಲ್ಲಿಲ್ಲ. ಅವಳು ಯಾರಿಗೂ ಹೇಳಲ್ಲ ಅನ್ನೋ ಅವನ ನಂಬಿಕೆಯಲ್ಲಿದೆ.

ಆಮೇಲೆ ಮೆಲೊಡ್ರಾಮಾ ಶುರು. ದುಡ್ಡು ಕೇಳಲು ಬಂದವನಿಗೆ ಅವಳ ಮೇಲೇ ಪ್ರೀತಿಯಾಗುತ್ತೆ. ತನ್ನ ಪಾಲುದಾರನನ್ನೇ ಕೊಂದು, ತಪ್ಪೆಲ್ಲ ತನ್ನ ಮೇಲೆ ಹಾಕ್ಕೊಂಡು ಸಾಯ್ತಾನೆ. ಕೊನೆಯ ದೃಶ್ಯದಲ್ಲಿ ಗಂಡನ ಫೋನ್ ಬರುತ್ತೆ. ಅವಳು ಅಳ್ತಾನೇ ಎಲ್ಲ ಚೆನ್ನಾಗಿದೆ ಅನ್ನೋ ಹಾಗೆ ಮಾತಾಡ್ತಾಳೆ.

ಈ ಕಪ್ಪು-ಬಿಳುಪಿನ ಲೋಕವನ್ನು ಹಿಂದಿಗೆ ತಂದವರಲ್ಲಿ ದೊಡ್ಡ ಹೆಸರು ಗುರುದತ್. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದ ಹುಡುಗ, ಚಿತ್ರಾಪುರ ಸಾರಸ್ವತ. ಆ ಸಮುದಾಯದ ಮಠ ಇರೋದು ನಮ್ಮ ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲೇ. 1952ರ ಅವರ ‘ಜಾಲ್’ ಗೋವಾದ ಮೀನುಗಾರರ ಊರಿನ ಕಥೆ. ಕಳ್ಳಸಾಗಣೆದಾರ ಟೋನಿಯಾಗಿ ದೇವ್ ಆನಂದ್, ಅವನ ಮಾತಿನ ಬಲೆಗೆ ಬೀಳುವ ಮರಿಯಾ ಆಗಿ ಗೀತಾ ಬಾಲಿ. ಕ್ಯಾಮೆರಾ ಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ. ಇಲ್ಲೂ ಕೆಟ್ಟವನನ್ನು ಪ್ರೀತಿ ಬದಲಾಯಿಸುತ್ತೆ.

ನೋಡಕ್ಕೆ ಚಂದ. ಆದರೆ ನಿಜ ಜೀವನದಲ್ಲಿ ಇದು ಉಲ್ಟಾ. ಸಿನಿಮಾದಲ್ಲಿ ಬೆದರಿಸಲು ಬಂದವನು ಪ್ರೀತಿಸ್ತಾನೆ. ನಮ್ಮ ಫೋನಿನಲ್ಲಿ ಪ್ರೀತಿಸಲು ಬಂದವನು ಬೆದರಿಸ್ತಾನೆ.

ಇದು ನನಗೆ ಗೊತ್ತು. ಕುಮಟಾದಿಂದ ಹೊನ್ನಾವರಕ್ಕೆ ದಿನಾ ಬಸ್ಸಲ್ಲಿ ಕಾಲೇಜಿಗೆ ಹೋಗ್ತಿದ್ದ ಕಾಲ. ಆನ್‌ಲೈನ್‌ನಲ್ಲಿ ಪರಿಚಯವಾದವನಿಗೆ ನಂಬಿ ಒಂದು ಫೋಟೊ ಕಳಿಸಿದ್ದೆ. ಮೂರು ತಿಂಗಳಾದ ಮೇಲೆ ಅವನು ಎರಡು ಸಾವಿರ ಕೇಳಿದ. ಕೊಟ್ಟೆ. ಮುಂದಿನ ವಾರ ಐದು ಸಾವಿರ. ಕಿವಿಯೋಲೆ ಅಡವಿಡೋಣ ಅಂತ ಅಂಗಡಿ ಮೆಟ್ಟಿಲವರೆಗೂ ಹೋಗಿ ವಾಪಸ್ ಬಂದೆ. ನಮ್ಮದು ಸಣ್ಣ ಊರು. ಬಸ್ ಸ್ಟ್ಯಾಂಡಲ್ಲಿ ನಿಂತರೂ ‘ಯಾರ ಮನೆ ಹುಡುಗಿ’ ಅಂತ ಗೊತ್ತಾಗುವ ಊರು. ಆ ಹೆದರಿಕೆಯೇ ಅವನ ಬಂಡವಾಳ.

ಕೊನೆಗೆ ಅಕ್ಕನಿಗೆ ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ. ಅವಳು, “ಎಂತಕ್ಕೆ ಇಷ್ಟು ದಿನ ಹೇಳ್ಲಿಲ್ಲ ಮಾರಾಯ್ತಿ? ಮೊದ್ಲು ಊಟ ಮಾಡು” ಅಂದಳು. ಮರುದಿನ ಇಬ್ಬರೂ ದೂರು ಕೊಟ್ಟೆವು. ಅವನು ಆ ಫೋಟೊವನ್ನು ಚಿಕ್ಕಮ್ಮನಿಗೆ ಕಳಿಸಿಯೂ ಬಿಟ್ಟ. ಚಿಕ್ಕಮ್ಮ ಅವನ ನಂಬರನ್ನು ಅಕ್ಕನಿಗೆ ಕೊಟ್ಟರು. ನನ್ನ ಹತ್ರ ಆ ವಿಷಯ ಇವತ್ತಿಗೂ ಎತ್ತಿಲ್ಲ. ನಾನು ಹೆದರಿದ್ದ ಜಗತ್ತಿನ ಅಂತ್ಯ ಅಷ್ಟೇ ಆಗಿತ್ತು.

ಹಾಗಾದ್ರೆ ಎಂತ ಮಾಡೂದು? ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳ್ತಾರೆ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್, ನಂಬರ್, ಯುಪಿಐ ವಿವರ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ವಯಸ್ಸು 18ರ ಒಳಗಿದ್ದರೆ 1098 ಮಕ್ಕಳ ಸಹಾಯವಾಣಿಯೂ ಇದೆ. ಫೋಟೊ ಹರಡದಂತೆ ತಡೆಯಲು ‘ಸ್ಟಾಪ್ ಎನ್‌ಸಿಐಐ’ ಅನ್ನೋ ಉಚಿತ ಸೇವೆ ಇದೆ. ಅದು ನಿಮ್ಮ ಫೋಟೊವನ್ನು ತಗೊಳ್ಳಲ್ಲ, ಅದರ ಡಿಜಿಟಲ್ ಗುರುತನ್ನು ಮಾತ್ರ ನಿಮ್ಮ ಫೋನಿನಲ್ಲೇ ತಯಾರಿಸಿ ಸೇರಿರುವ ಕಂಪನಿಗಳಿಗೆ ಕೊಡುತ್ತೆ.

ಕಾನೂನೂ ನಿಮ್ಮ ಕಡೆಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಪ್ರಕಾರ ಹೆದರಿಸಿ ದುಡ್ಡು ಕೀಳೋದು ಸುಲಿಗೆ. ಏಳು ವರ್ಷದವರೆಗೆ ಜೈಲು. ಮಾನಕ್ಕೆ ಮಾಡುವ ಹಾನಿಯೂ ಕಾನೂನಿನ ಕಣ್ಣಲ್ಲಿ ಹಾನಿಯೇ.

‘ರೆಕ್‌ಲೆಸ್ ಮೊಮೆಂಟ್’ ಖಂಡಿತ ನೋಡಿ. ಕೊನೆಯಲ್ಲಿ ಆ ಫೋನ್ ಬಂದಾಗ ಅವಳು ಎಲ್ಲ ಚೆನ್ನಾಗಿದೆ ಅಂತಾಳೆ. ನಿಮ್ಮ ಗೆಳತಿಯೋ ತಮ್ಮನೋ ಅದೇ ದನಿಯಲ್ಲಿ ಮಾತಾಡಿದರೆ ಫೋನ್ ಇಡಬೇಡಿ. ಇನ್ನೊಂದು ಸಲ ಕೇಳಿ.